ಕಾಣದಷ್ಟು ತಿಳಿ

ಫೆಬ್ರವರಿ ೪, ಮಂಗಳವಾರ

ಮತ್ತೆ ದ್ರಾವಣ ಬದಲಿಸಿದೆ. ಹಳೆಯದು ಮಬ್ಬಾಗಿತ್ತು, ಅಂದರೆ ಕೊಬ್ಬು ಇನ್ನೂ ಬಿಡುತ್ತಲೇ ಇದೆ. ಹೆಬ್ಬೆರಳಿನಷ್ಟು ಮೆದುಳಿನ ತುಂಡು. ಅಂಚಿನಲ್ಲಿ ಗಾಜಿನಂತೆ ತಿಳಿ, ನಡುವೆ ಇನ್ನೂ ಸುಣ್ಣದಂತೆ ಬಿಳಿ. ಒಂದು ತಿಂಗಳಿಂದ ಬೆಚ್ಚಗಿನ ಸೋಪು ನೀರಿನಲ್ಲಿ ಓಲಾಡುತ್ತಿದೆ. ನನ್ನ ಕೆಲಸ ಇಷ್ಟೇ — ಕೊಬ್ಬು ಹೋಗಬೇಕು, ನರಗಳು ಇದ್ದಲ್ಲೇ ಇರಬೇಕು. ಕೊಬ್ಬು ಹೋದರೆ ಬೆಳಕು ಒಳಗೆಲ್ಲ ಹಾಯುತ್ತದೆ. ಆಮೇಲೆ ಕತ್ತರಿಸದೆ, ಇಡಿಯಾಗಿಯೇ, ಉದ್ದ ಅಗಲ ಆಳ ಮೂರರಲ್ಲೂ ಚಿತ್ರ ತೆಗೆಯಬಹುದು. ಇಲಿಯ ಮೆದುಳಿನಲ್ಲಿ ಗೆದ್ದಿದ್ದೇವೆ. ಮನುಷ್ಯನದು, ಅದೂ ವಯಸ್ಸಾದವರದು, ಜಪ್ಪಯ್ಯ ಅಂದರೂ ತಿಳಿಯಾಗುವುದಿಲ್ಲ.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ನನ್ನ ಗಂಡ ಕೇಳಿದರು, "ಇವತ್ತೇನು ಮಾಡಿದೆ?"

"ಒಗೆದೆ."

"ಅಷ್ಟು ಓದಿ ಅಲ್ಲೂ ಒಗೆಯೋದೇನಾ?"

ಮನೆಯಲ್ಲಿ ಒಗೆಯುವ ಸರದಿ ಇವತ್ತು ಅವರದೇ ಎಂದು ನೆನಪಿಸಿದೆ.

ಫೆಬ್ರವರಿ ೬, ಗುರುವಾರ

ದಾನವಾಗಿ ಬಂದ ಮೆದುಳು ಯಾರದೆಂದು ನಮಗೆ ತಿಳಿಯುವುದಿಲ್ಲ, ತಿಳಿಯಲೂಬಾರದು. ಆದರೆ ಇವತ್ತು ಒಬ್ಬ ಹೆಂಗಸು ಆಫೀಸಿನವರನ್ನು ಕಾಡಿ ಬೇಡಿ, ಒಪ್ಪಿಗೆ ಪಡೆದುಕೊಂಡು ಬಂದೇಬಿಟ್ಟರು. ನನ್ನ ತುಂಡಿನ ಯಜಮಾನರ ಹೆಂಡತಿ!

"ನಮ್ಮೋರು ಬಸ್ ಡ್ರೈವರು. ಜೀವಮಾನವೆಲ್ಲ ಓಡಿಸಿದ್ರು, ಒಂದು ದಿನ ದಾರಿ ತಪ್ಪಿದೋರಲ್ಲ. ಕೊನೆಗೆ ಬಚ್ಚಲಿಗೆ ಹೋದ್ರೆ ವಾಪಸ್ ಬರೋಕೆ ದಾರಿ ಗೊತ್ತಾಗದೆ ಅಲ್ಲೇ ನಿಂತಿರ್ತಿದ್ರು. ದಾರಿ ಎಲ್ಲಿ ಕಟ್ಟಾಯ್ತು ಅಂತ ನಾನು ನೋಡ್ಬೇಕು." ಆಮೇಲೆ, ಬಸ್ಸಿನ ಹೊತ್ತು ಹೇಳುವಷ್ಟೇ ಸಲೀಸಾಗಿ, "ನನ್ನ ಕಣ್ಣೂ ಹೋಗ್ತಾ ಇದೆ. ಬೇಸಿಗೆ ದಾಟೋದು ಕಷ್ಟ ಅಂದಿದಾರೆ ಡಾಕ್ಟ್ರು. ಇರೋದ್ರೊಳಗೆ ತೋರ್ಸಿ."

ಲ್ಯಾಬಿನ ಮುಖ್ಯಸ್ಥೆ ನಮ್ಮ ಮೇಡಂ. ಇಂಥ ಕಡೆ ದೊಡ್ಡವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಕಳಿಸುತ್ತಾರೆ. ಇವರು ಕುರ್ಚಿ ಎಳೆದುಕೊಂಡು ಆಕೆಯ ಪಕ್ಕ ಕೂತರು. "ಕಾಯಿಲೆ ಯಾಕೆ ಬಂತು ಅಂತ ಹೇಳೋಕೆ ನಮಗಾಗಲ್ಲಮ್ಮ. ನಮ್ಮ ಹತ್ರ ಇರೋದು ಎರಡು ಚಿಕ್ಕ ತುಂಡು. ಒಂದಕ್ಕೆ ಕೈ ಹಾಕಿದೀವಿ. ಅದರೊಳಗಿನ ದಾರಿ ತೋರಿಸ್ತೀವಿ. ಏಪ್ರಿಲ್ ಮೊದಲ ವಾರ ಬನ್ನಿ."

ಆಕೆ ಮೆಟ್ಟಿಲಿಳಿದ ಮೇಲೆ, "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದ್ರಲ್ಲ ಮೇಡಂ!" ಅಂದೆ.

"ಕುಲಾವಿ ನಾನು ಹೊಲಿದೆ. ಕೂಸು ನಿನ್ನ ಜವಾಬ್ದಾರಿ."

ನಗು ಬಂತು. ಸಿಟ್ಟೂ ಬಂತು.

ಫೆಬ್ರವರಿ ೨೪, ಸೋಮವಾರ

ನಡುವಿನ ಸುಣ್ಣ ಕರಗುತ್ತಿದೆ. ಆದರೆ ಬಣ್ಣ ಒಳಗೆ ಹೋಗುತ್ತಿಲ್ಲ. ನರಗಳಿಗೆ ಹಸಿರು, ಕಾಯಿಲೆಯ ಗಂಟುಗಳಿಗೆ ಕೆಂಪು — ಎರಡೂ ಅಂಚಿನಲ್ಲೇ ಅಂಟಿಕೊಂಡು ಕೂರುತ್ತವೆ. ಕತ್ತರಿಸಿ ಉಳಿದಿದ್ದ ಚೂರಿನ ಮೇಲೆ ಪರೀಕ್ಷೆ ಮಾಡಿ ಮಾಡಿ ಸಾಕಾಯಿತು. ಮೇಡಂಗೆ ಹೇಳಿದೆ, "ಬಸ್ಸಿನ ಬಾಗಿಲಲ್ಲೇ ನಿಂತುಬಿಡೋ ಜನ ಇದ್ದಾರಲ್ಲ, ಹಾಗೆ. ಒಳಗೆ ಸೀಟು ಖಾಲಿ ಇದ್ರೂ ಹೋಗಲ್ಲ."

ಮೇಡಂ ಲೋಟ ಕೆಳಗಿಟ್ಟರು. ಆಮೇಲೆ, "ಬಾಗಿಲಲ್ಲಿ ಹಿಡ್ಕೊಳ್ಳೋಕೆ ಕಂಬ ಇರೋದ್ರಿಂದ ತಾನೇ ನಿಲ್ತಾರೆ? ಕಂಬಕ್ಕೆ ಎಣ್ಣೆ ಹಚ್ಚಿಬಿಡೋಣ. ಎಲ್ಲರೂ ಒಳಗೆ ಹೋದ್ಮೇಲೆ ಒರೆಸಿಬಿಡೋಣ."

ಅಂದರೆ — ಬಣ್ಣಕ್ಕೆ ಅಂಟುವ ಗುಣವನ್ನೇ ಮೊದಲು ತಡೆಯುವುದು. ಆಳಕ್ಕೆ ಇಳಿದ ಮೇಲೆ, ತಡೆಯುವ ಮದ್ದನ್ನು ತೊಳೆದು, ಅಂಟಲು ಬಿಡುವುದು. ನಾನು ಗೊಣಗಿದ ಮಾತನ್ನು ಹಿಡಿದು ಇಷ್ಟು ದೂರ ಹೋಗುತ್ತಾರೆ! ನಾನಾದರೆ ಗೊಣಗಿ ಮನೆಗೆ ಹೋಗುತ್ತಿದ್ದೆ. ಇಂಥವರ ಕೈಕೆಳಗೆ ಕೆಲಸ ಮಾಡುವುದು ನನ್ನ ಪುಣ್ಯ. ಮುಖಕ್ಕೆ ಹೇಳುವುದಿಲ್ಲ. ತಲೆ ಮೇಲೆ ಕೂರುತ್ತಾರೆ.

ಮಾರ್ಚ್ ೧೮, ಮಂಗಳವಾರ

ಇವತ್ತು ಆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಬಣ್ಣ ಆಳದವರೆಗೂ ಹಿಡಿದಿತ್ತು; ಅದು ಮೈಕ್ರೋಸ್ಕೋಪಿನ ಬೆಳಕಿನಲ್ಲಿ ಮಾತ್ರ ಹೊಳೆಯುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ. ನಿನ್ನೆ ಕೊನೆಯ ದ್ರಾವಣಕ್ಕೆ ಹಾಕಿದ್ದೆ — ಅದರಲ್ಲಿ ಬೆಳಕು ಬಾಗುವಷ್ಟೇ ತುಂಡಿನಲ್ಲೂ ಬಾಗುತ್ತದೆ. ಎರಡೂ ಸರಿಸಮ ಆದರೆ ತುಂಡು ಕಣ್ಣಿಗೆ ಕಾಣುವುದಿಲ್ಲ. ಬೆಳಿಗ್ಗೆ ಬಾಟಲಿಯ ಮುಚ್ಚಳ ತೆಗೆದು ನೋಡಿದೆ. ಕಿಟಕಿಗೆ ಹಿಡಿದೆ. ಇಲ್ಲ. ಏನೂ ಇಲ್ಲ! ಓರೆ ಮಾಡಿದಾಗ ಮಾತ್ರ ಒಂದು ಗೆರೆ ಮಿಂಚಿ ಹೋಯಿತು. ಬಾಟಲಿ ಮೇಜಿನ ಮೇಲಿಟ್ಟು, ಕನ್ನಡಿಯನ್ನು ಕರೆಯಲು ಕತ್ತಲೆ ಕೋಣೆಗೆ ಓಡಿದೆ. (ಮೈಕ್ರೋಸ್ಕೋಪು ಕಟ್ಟಿದ ಎಂಜಿನಿಯರ್. ದಿನವಿಡೀ ಕನ್ನಡಿಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕೂರುತ್ತಾನೆ, ಅದಕ್ಕೇ ಆ ಹೆಸರು.)

ಅವನ ಜೊತೆ ವಾಪಸ್ ಬಂದರೆ, ಮೇಡಂ ಸಿಂಕಿನ ಹತ್ತಿರ. ಬಾಟಲಿ ತೊಳೆದು ಬೋರಲು ಹಾಕಿದ್ದಾರೆ.

"ಇದರಲ್ಲಿ ಇದ್ದದ್ದು?"

"ಬರೀ ದ್ರಾವಣ ಇತ್ತು, ವೇಸ್ಟ್ ಕ್ಯಾನಿಗೆ ಸುರಿದೆ. ಎಷ್ಟು ಸಲ ಹೇಳೋದು, ಚೀಟಿ ಅಂಟಿಸದೆ ಬಾಟಲಿ ಇಡಬೇಡಿ ಅಂ—" ನನ್ನ ಮುಖ ನೋಡಿದರು.

ಚೀಟಿ ಮುಚ್ಚಳದ ಮೇಲಿತ್ತು. ಮುಚ್ಚಳ ನನ್ನ ಕೋಟಿನ ಜೇಬಿನಲ್ಲಿ.

"ಕಾಣ್ಲೇ ಇಲ್ಲ ಕಣೇ," ಅಂದರು. ಮುಖ ಬಿಳುಚಿತ್ತು, ಆದರೆ ಕಣ್ಣು ಅರಳಿತ್ತು. "ಒಂಚೂರೂ ಕಾಣ್ಲಿಲ್ಲ!"

"ಹೂಂ ಮೇಡಂ, ಗೆದ್ದಿದ್ವಿ! ಗೆದ್ದಿದ್ದನ್ನೇ ಚೆಲ್ಲಿದ್ರಿ!" ಕಿರುಚಿಬಿಟ್ಟೆ. ಮೂಗಿನ ತುದಿಯಲ್ಲೇ ಕೋಪ ನನಗೆ. ಫ್ರಿಜ್ಜಿನಲ್ಲಿ ಇನ್ನೊಂದು ತುಂಡಿದೆ ನಿಜ. ಇವತ್ತು ಶುರು ಮಾಡಿದರೆ ಬೇಸಿಗೆ ಕಳೆಯುತ್ತದೆ. ಆಕೆಯ ಕಣ್ಣು ಕಾಯುತ್ತದೆಯೇ?

ಮೇಡಂ ವಾದಿಸಲಿಲ್ಲ. ಕೈಗೆ ಗವಸು ಹಾಕಿ ನೆಲದ ಮೇಲೆ ಕೂತು, ಕ್ಯಾನಿನಲ್ಲಿದ್ದದ್ದನ್ನು ಸ್ವಲ್ಪ ಸ್ವಲ್ಪವೇ ಟ್ರೇಗೆ ಬಗ್ಗಿಸಿ ಬೆರಳಾಡಿಸತೊಡಗಿದರು. ಕ್ಯಾನಿನ ತುಂಬ ಅದೇ ದ್ರಾವಣ. ಕಾಣದ ತುಂಡನ್ನು ಕಾಣದ ಕಡೆ ಹುಡುಕುವುದು. ಅಷ್ಟು ದೊಡ್ಡ ಹೆಂಗಸು, ಕೆಸರಲ್ಲಿ ಓಲೆ ಕಳೆದುಕೊಂಡವರ ಹಾಗೆ ತಡಕಾಡುತ್ತಿದ್ದರೆ ನನ್ನ ಸಿಟ್ಟು ಜರ್ರನೆ ಇಳಿಯಿತು. ಆಗ ಹೊಳೆಯಿತು — ಕಾಣದಂತೆ ಮಾಡಿದ್ದೇ ಈ ದ್ರಾವಣ. ಬರೀ ನೀರಿಗೆ ಬಿದ್ದರೆ?

ಜರಡಿ ಹಿಡಿದು ಸೋಸಿದೆವು. ಜರಡಿಯನ್ನು ನೀರಿನ ಟ್ರೇಯಲ್ಲಿ ಅದ್ದಿ ಮೂವರೂ ಬಗ್ಗಿ ನೋಡಿದೆವು. ಏನಿಲ್ಲ. ಏನಿಲ್ಲ. ಆಮೇಲೆ ಒಂದು ಮೂಲೆಯಲ್ಲಿ ಮೆಲ್ಲಗೆ ಮಂಜು ಕಟ್ಟಿತು. ಬೆಳ್ಳಗಾಯಿತು. ಆಕಾರ ಬಂತು.

"ಬಂದ್ರು ಡ್ರೈವರ್ ಸಾಹೇಬ್ರು," ಅಂದ ಕನ್ನಡಿ. ಮೇಡಂ ಗವಸಿನ ಕೈಯನ್ನು ಮೇಲೆತ್ತಿ ಹಿಡಿದುಕೊಂಡೇ ಅತ್ತರು.

ಒಂದು ಮೂಲೆ ಹರಿದಿದೆ. ಮಿಕ್ಕದ್ದು ಸರಿ ಇದೆ.

ಮಾರ್ಚ್ ೧೯, ಬುಧವಾರ

ಮೀಟಿಂಗಿನಲ್ಲಿ ಮೇಡಂ ಎದ್ದು ನಿಂತು, "ಚೆಲ್ಲಿದ್ದು ನಾನು. ಹುಡುಕಿ ಕೊಟ್ಟಿದ್ದು ಇವಳು. ಕಿರುಚಿದ್ದೂ ಇವಳೇ, ಅದೂ ನ್ಯಾಯವೇ," ಅಂದರು. ಜೇಬಿನ ಮುಚ್ಚಳದ ಸುದ್ದಿ ಎತ್ತಲೇ ಇಲ್ಲ. ನಾನೇ ಎತ್ತಿದೆ. ಇನ್ನು ಮೇಲೆ ಚೀಟಿ ಬಾಟಲಿಯ ಮೈಗೇ.

ಏಪ್ರಿಲ್ ೨, ಬುಧವಾರ. ಮಧ್ಯಾಹ್ನ

ತುಂಡು ಮತ್ತೆ ತಿಳಿಯಾಯಿತು. ಕನ್ನಡಿ ಪಕ್ಕದಿಂದ ಬೆಳಕಿನ ಹಾಳೆ ಹಾಯಿಸಿದ. ಕಾಗದಕ್ಕಿಂತ ತೆಳ್ಳಗಿನ ಹಾಳೆ. ಅದು ತಾಗಿದ ಪದರ ಮಾತ್ರ ಹೊಳೆಯುತ್ತದೆ, ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಮುಂದಿನ ಪದರ. ಅದರ ಮುಂದಿನದು. ಕಂಪ್ಯೂಟರು ಎಲ್ಲ ಜೋಡಿಸಿ ತೋರಿಸಿತು.

ಏನು ಹೇಳಲಿ! ಇದೇ ಜಾಗವನ್ನು ಎಷ್ಟೋ ವರ್ಷ ಹಾಳೆ ಹಾಳೆಯಾಗಿ ಸೀಳಿ ನೋಡಿದವಳು ನಾನು. ಒಂದು ಎಳೆಯನ್ನು ಹಿಡಿದರೆ ಮುಂದಿನ ಹಾಳೆಗೆ ಹೋಗುವಷ್ಟರಲ್ಲಿ ಕೈತಪ್ಪುತ್ತಿತ್ತು. ಇವತ್ತು ಇಡೀ ಊರೇ ಒಟ್ಟಿಗೆ ಕಣ್ಣೆದುರು. ಹಸಿರು ಎಳೆಗಳು ಕವಲೊಡೆದು, ಒಂದರ ಕೆಳಗೊಂದು ನುಸುಳಿ, ಎಲ್ಲಿಯೂ ಸಿಕ್ಕಾಗದೆ... ಒಬ್ಬ ಮನುಷ್ಯನ ತಲೆಯಲ್ಲಿ ಇಷ್ಟೊಂದು! ಅದೂ ಹೆಬ್ಬೆರಳಷ್ಟರಲ್ಲಿ!

ಕನ್ನಡಿಯ ಬೆನ್ನಿಗೆ ಒಂದು ಗುದ್ದಿದೆ. "ಅಯ್ಯೋ ಅಕ್ಕ, ಅಲುಗಾಡಿಸ್ಬೇಡಿ!" ಎಂದು ಕಿರುಚಿಕೊಂಡ. ಅವನಿಗೆ ತನ್ನ ಕನ್ನಡಿಗಳದೇ ಚಿಂತೆ.

ಏಪ್ರಿಲ್ ೪, ಶುಕ್ರವಾರ

ಆಕೆ ಬಂದರು. ನೇರ ನೋಡಿದರೆ ಕಾಣುವುದಿಲ್ಲವಂತೆ. ಮುಖ ಓರೆ ಮಾಡಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತರು. ಕನ್ನಡಿ ಒಂದು ಎಳೆಯನ್ನು ಮಾತ್ರ ಉಳಿಸಿ, ಉಳಿದದ್ದನ್ನು ಮಂಕು ಮಾಡಿದ. ಅದರ ಜೊತೆಗೇ ಹೊರಟೆವು. ಮುಂದೆ ಒಂದು ಕೆಂಪು ಗಂಟು.

"ಇಲ್ಲೇ ಕಟ್ಟಾಯ್ತಾ?"

"ನೋಡಿ ಅಮ್ಮ," ಅಂದೆ.

ಎಳೆ ಗಂಟಿನ ಹತ್ತಿರ ಬಂದು, ಬಾಗಿ, ಅದನ್ನು ಬಳಸಿಕೊಂಡು, ಆಚೆ ಹೋಗಿ ಮತ್ತೆ ನೆಟ್ಟಗಾಯಿತು.

ಆಕೆ ಗಟ್ಟಿಯಾಗಿ ನಕ್ಕುಬಿಟ್ಟರು. "ಡೈವರ್ಷನ್ ತಗೊಂಡಿದಾರೆ!" ಆಮೇಲೆ ಸೆರಗಿನಿಂದ ಕಣ್ಣೊರೆಸಿ ಮತ್ತೆ ನೋಡಿದರು.

ಮೇಡಂ ಸುಳ್ಳು ಹೇಳುವವರಲ್ಲ. "ಎಲ್ಲ ಎಳೆಯೂ ಹೀಗಿಲ್ಲಮ್ಮ. ತುಂಬಾ ಕಡೆ ಕಟ್ಟಾಗಿದೆ. ಅದನ್ನೂ ತೋರಿಸ್ತೀವಿ."

"ಕಟ್ಟಾಗಿದ್ದನ್ನ ಮನೇಲಿ ದಿನಾ ನೋಡಿದೀನಿ ಕಣಮ್ಮ. ಇದನ್ನ ನೋಡಿರ್ಲಿಲ್ಲ."

ಎಳೆ ಸಾಗುತ್ತ ಸಾಗುತ್ತ ತುಂಡಿನ ಅಂಚಿಗೆ ಬಂದು ಮುಗಿಯಿತು.

"ಮುಂದೆ?"

"ಪಕ್ಕದ ತುಂಡು ಫ್ರಿಜ್ಜಿನಲ್ಲಿದೆ. ಇದೇ ಎಳೆ ಅಲ್ಲಿ ಸಿಗುತ್ತೋ ಇಲ್ವೋ ಗೊತ್ತಿಲ್ಲ. ಮಾಡೋ ಹೊತ್ತಿಗೆ ಬೇಸಿಗೆ..." ಅಂದೆ.

"ಮಾಡು. ನನಗೆ ಕಣ್ಣಿಲ್ಲದಿದ್ರೆ ನಿನಗೆ ಬಾಯಿದೆಯಲ್ಲ. ಜೋರಾಗೇ ಇದೆ ಅಂತ ಇಲ್ಲೆಲ್ಲ ಹೇಳಿದ್ರು. ಫೋನಲ್ಲಿ ಹೇಳು, ಕೂತು ಕೇಳ್ತೀನಿ."

ಜುಲೈ ೧೬, ಬುಧವಾರ. ಬೆಳಿಗ್ಗೆ ೧೧

ಎರಡನೆಯ ತುಂಡು ಪರದೆಯ ಮೇಲಿದೆ. ಮೊದಲನೆಯದಕ್ಕಿಂತ ತಿಳಿ. ಅಂಚು ಅಂಚಿಗೆ ಕೂಡಿಸಿದೆವು. ಎಳೆ ಸಿಕ್ಕಿತು, ಅದೇ ಎಳೆ! ಮೇಡಂ ಎರಡು ಸಲ ಅಳೆದು ನೋಡಿ ಹೌದೆಂದರು.

ಆಕೆಗೆ ಫೋನ್ ಮಾಡಿದೆ. ಬೆಳಕು ಕತ್ತಲೆ ಅಷ್ಟೇ ಈಗ ಗೊತ್ತಾಗುವುದಂತೆ. "ಅದಿರಲಿ, ನೀನು ಹೇಳು," ಅಂದರು. ಶುರು ಮಾಡಿದೆ. "ಅಮ್ಮ, ಎಡಕ್ಕೆ ತಿರುಗಿದ್ರು. ಈಗ ನೆಟ್ಟಗೆ ಹೋಗ್ತಿದಾರೆ. ಬಲಗಡೆ ಒಂದು ಗಂಟು, ಅದರ ಪಕ್ಕದಲ್ಲೇ..."

"ಮೆತ್ತಗೆ ಹೋಗು ಕಣೇ. ಅವರು ಯಾವತ್ತೂ ಅಷ್ಟು ಜೋರಾಗಿ ಓಡಿಸಿದೋರಲ್ಲ."

ಮೇಡಂ ನನ್ನ ಕುರ್ಚಿಯ ಹಿಂದೆ ನಿಂತು ಕೇಳುತ್ತಿದ್ದಾರೆ. ಆಕೆ ಕುಕ್ಕರ್ ಆರಿಸಿ ಬರುತ್ತೇನೆಂದು ಎದ್ದು ಹೋಗಿದ್ದಾರೆ. ಫೋನ್ ತೆರೆದೇ ಇದೆ, ಗೋಡೆ ಹಿಡಿದು ನಡೆಯುವ ಸದ್ದು ಕೇಳುತ್ತಿದೆ. ಆ ಸಂದಿನಲ್ಲಿ ಇಷ್ಟು ಬರೆದೆ. ಕನ್ನಡಿ ಮುಂದಿನ ಪದರ ತೆರೆದ. ಮುಂದೆ ದೊಡ್ಡ ಗಂಟಿದೆ, ಎಳೆ ಅದರ ಹತ್ತಿರ ಬಂದು ಎರಡಾಗಿ... ಒಂದು ಅಲ್ಲೇ ನಿಂತಿತು. ಇನ್ನೊಂದು —

ಆಕೆ ಫೋನಿಗೆ ಬಂದರು.