ಅಳಿಸಿದ ಊಟ

ಡಿಸೆಂಬರ್ 17
ಏಳಕ್ಕೆ ಕಡಲಿನ ಇಳಿತ. ಎರಡು ಹೊರೆ ಕಡಲಪಾಚಿ ಕೊಯ್ದೆ. ಬಂಡೆಯ ಮೇಲೆ ಹರವುತ್ತಿದ್ದಾಗ ದೋನ್ ಎವರಿಸ್ಟೊ ಬಂದರು. ನಮ್ಮ ತೀರದ ಸಂಘಕ್ಕೆ ಅಧ್ಯಕ್ಷರು.
"ಏನಮ್ಮಾ ನೋಲ್ಫಾ, ಸಿನಿಮಾ ತಾರೆ! ಮಕಾರೆನಾ ತೆಗೆದ ಪಾಚಿ ಹೆಂಗಸರ ಚಿತ್ರ ಅಮೆರಿಕದ ದೊಡ್ಡ ಪ್ರಶಸ್ತಿಯ ಪಟ್ಟಿಗೆ ಬಂತಂತೆ. ಇನ್ನು ಲೋಕವೆಲ್ಲ ನಿನ್ನ ಅಡುಗೆಮನೆ ನೋಡುತ್ತೆ ಬಿಡು."
ಅಡುಗೆಮನೆ ಅಂತಲೇ ಯಾಕೆ ಅಂದರು?

ಅದೇ ದಿನ, ಮಧ್ಯಾಹ್ನ
ಬರೆದೇ ಬಿಡುತ್ತೇನೆ. ಎರಡು ವರ್ಷದ ಹಿಂದೆ, ಚಿತ್ರೀಕರಣದ ಕೊನೆಯ ದಿನ. ಮಕಾರೆನಾ ಮತ್ತು ಅವಳ ಜೊತೆಯ ಇಬ್ಬರು, ಪಟ್ಟಣದ ಆ ಮೂವರು ಹುಡುಗಿಯರು, ಎರಡು ತಿಂಗಳು ನಮ್ಮ ಮನೆಯ ಹುರುಳಿಕಾಯಿ ಸಾರೇ ಉಂಡಿದ್ದರು. ಬೀಳ್ಕೊಡುವಾಗಲೂ ಅದನ್ನೇ ಬಡಿಸುವುದೇ? ಬಂಡೆಯಡಿಯಿಂದ ಲೋಕೊ ಎಂಬ ದೊಡ್ಡ ಚಿಪ್ಪುಮೀನು ಒಂದು ಡಜನ್ ಕಿತ್ತು ತಂದೆ. ಅದನ್ನು ಹಿಡಿಯಬಾರದೆಂದು ಸರ್ಕಾರ ನಿಷೇಧಿಸಿದ ಕಾಲ. ಅಮ್ಮ ಆ ಮಾಂಸವನ್ನು ಹಳೆಯ ಟಯರಿನೊಳಗೆ ತುಂಬಿ ಮೆತ್ತಗಾಗಲೆಂದು ಬಡಿಗೆಯಿಂದ ಬಡಿದಳು. ಏಟಿಗೊಂದು ಹೆಸರು. "ಇದು ನಿಮ್ಮಪ್ಪನಿಗೆ! ಇದು ಪಾದ್ರಿಗೆ! ಇದು ಆ ಎವರಿಸ್ಟೊಗೆ!" ಹುಡುಗಿಯರು ಬಿದ್ದು ಬಿದ್ದು ನಕ್ಕರು, ಅಮ್ಮನೂ ಬೊಚ್ಚುಬಾಯಿ ಬಿಟ್ಟು ನಕ್ಕಳು.
ಕ್ಯಾಮೆರಾ ಓಡುತ್ತಿತ್ತು. ಯಾರಿಗೂ ಹೊಳೆಯಲಿಲ್ಲ.
ಮೀನುಗಾರಿಕೆ ಇಲಾಖೆಯ ಇನ್‌ಸ್ಪೆಕ್ಟರ್ ನೋಡಿದರೆ ನನ್ನ ಕಾರ್ಡು ರದ್ದು. ಕಾರ್ಡಿಲ್ಲದೆ ಕಡಲಿಗಿಳಿಯುವಂತಿಲ್ಲ. ಬೇರೆ ಕೆಲಸ ನನಗೆ ಬಾರದು.

ಡಿಸೆಂಬರ್ 18
ಮಕಾರೆನಾಗೆ ಫೋನ್ ಮಾಡಿದೆ.
"ಆ ಊಟ ಚಿತ್ರದಲ್ಲಿಲ್ಲ ಅಕ್ಕಾ. ನನ್ನಾಣೆ."
"ಸದ್ದು?"
"ಯಾವ ಸದ್ದು?"
"ಲೋಕೊ ಬಡಿಯೋದು. ಈ ತೀರದವರು ಕಣ್ಣು ಮುಚ್ಕೊಂಡೇ ಗುರುತು ಹಿಡೀತಾರೆ."
ಆ ಕಡೆ ಬಾಗಿಲು ಮುಚ್ಚಿದ ಸದ್ದು. "ಅದೂ ಇಲ್ಲ."
ಬಾಗಿಲು ಯಾಕೆ ಮುಚ್ಚಿದಳು?

ಡಿಸೆಂಬರ್ 27
ಮಕಾರೆನಾ ತಾನೇ ಬಂದಳು, ಕಂಪ್ಯೂಟರ್ ಹೊತ್ತು. ಜೊತೆಗೆ ಹಣ್ಣಿನ ಬ್ರೆಡ್ಡು. ಕ್ರಿಸ್‌ಮಸ್ ಮುಗಿದ ಮೇಲೆ ಹಬ್ಬದ ಬ್ರೆಡ್ಡೇಕೆ? ನಾನು ಮುಟ್ಟಲಿಲ್ಲ.
ಅಮ್ಮ ದೊಡ್ಡ ತುಂಡೇ ಮುರಿದುಕೊಂಡಳು. "ತಿನ್ನೇ. ವಿಷ ಹಾಕಿದ್ರೆ ಮೊದಲು ನಾನು ಹೋಗ್ತೀನಿ."
ಆ ಊಟ ಚಿತ್ರದಲ್ಲಿ ಇಲ್ಲವಂತೆ. ಆದರೆ ತೆಗೆದದ್ದು ಎರಡು ಡಿಸ್ಕ್‌ಗಳಲ್ಲಿ ಹಾಗೆಯೇ ಇದೆ!
"ಅಳಿಸು."
"ಇರಲಿ ಅಕ್ಕಾ. ಯಾರೂ ನೋಡಲ್ಲ."
"ಯಾರೂ ನೋಡದ್ದನ್ನ ಯಾಕೆ ಇಟ್ಕೊಂಡಿದ್ದೀಯಾ?"
ಮಕಾರೆನಾ ಅಮ್ಮನ ಕಡೆ ನೋಡಿದಳು. ಇಬ್ಬರದೂ ಏನೋ ಒಳಸಂಚು...
ಅಮ್ಮ ಆಲೂಗಡ್ಡೆ ಸುಲಿಯುತ್ತಲೇ ಅಂದಳು, "ಅಳಿಸಮ್ಮಾ, ಅಳಿಸು. ನನ್ನ ಬೊಚ್ಚುಬಾಯಿ ಅಮೆರಿಕದವರಿಗೆ ಯಾಕೆ?"
ಎದುರು ಕೂತು ಎರಡು ಡಿಸ್ಕಿನಿಂದಲೂ ಅವಳ ಕೈಯಿಂದಲೇ ಅಳಿಸಿ ಹಾಕಿಸಿದೆ.

ಜನವರಿ 22
ಚಿತ್ರ ಪ್ರಶಸ್ತಿಯ ಕೊನೆಯ ಐದರಲ್ಲೂ ಬಂತು. ಟಿವಿಯಲ್ಲಿ ಮಕಾರೆನಾ, ಯಾರದೋ ಕೋಟು ತೊಟ್ಟು. "ಒಳ್ಳೆಯದನ್ನೆಲ್ಲ ಚಿತ್ರದಲ್ಲಿ ಹಾಕಲಾಗಲಿಲ್ಲ" ಎಂದಳು. ಯಾರಿಗೆ ಕೊಟ್ಟ ಸುಳಿವು?
ಅಮ್ಮನಿಗೆ ಕೆಮ್ಮು. ಆಸ್ಪತ್ರೆ ಬೇಡವಂತೆ.

ಮಾರ್ಚ್ 9, ಸಂಜೆ
ಅಮ್ಮ ತೀರಿಕೊಂಡ ಮೇಲಿನ ಒಂಬತ್ತು ಸಂಜೆಯ ಜಪಮಾಲೆ ಪ್ರಾರ್ಥನೆ ಮುಗಿದು ಎರಡು ವಾರ.
ಸಂಘದ ಹಾಲ್‌ನಲ್ಲಿ ಚಿತ್ರ ತೋರಿಸಿದರು. ಇನ್‌ಸ್ಪೆಕ್ಟರ್ ಮೊದಲ ಸಾಲಿನಲ್ಲಿ. ನಾನು ಬಾಗಿಲ ಬಳಿ ಕೂತೆ. ಕಡಲು, ಕುಡುಗೋಲು, ನಾನು. ಅಮ್ಮ ಒಂದೇ ಸಲ — ಬೆನ್ನು ಮಾತ್ರ, ಹೊರೆ ಹೊತ್ತು ದಿಬ್ಬ ಹತ್ತುತ್ತಾ. ತಟ್ಟೆಯಿಲ್ಲ, ಸದ್ದಿಲ್ಲ. ಇನ್‌ಸ್ಪೆಕ್ಟರ್ ಚಪ್ಪಾಳೆ ತಟ್ಟಿದ.
ದೋನ್ ಎವರಿಸ್ಟೊ ಕಿವಿಯ ಹತ್ತಿರ ಬಗ್ಗಿದರು. "ನಿಮ್ಮಮ್ಮ ನನ್ನ ಬಯ್ಕೊಂಡು ಲೋಕೊ ಬಡಿದದ್ದು ಎಲ್ಲಮ್ಮಾ? ಅದನ್ನ ನೋಡೋಕೇ ಬಂದಿದ್ದೆ."
"ನಿಮಗೆ ಗೊತ್ತಿತ್ತಾ?"
"ಆವತ್ತು ಇಡೀ ತೀರಕ್ಕೆ ಕೇಳಿಸ್ತು. ಯಾರಾದ್ರೂ ಬಾಯಿ ಬಿಟ್ರಾ?"

ಮಾರ್ಚ್ 10
ಫೋಟೊ ಎಂದರೆ ಅಮ್ಮ ತುಟಿ ಬಿಗಿಯುತ್ತಿದ್ದಳು. ಪೆಟ್ಟಿಗೆಯಲ್ಲಿ ಹುಡುಕಿದೆ. ನಗುವ ಅಮ್ಮ ಒಂದರಲ್ಲೂ ಇಲ್ಲ.
ಮಕಾರೆನಾಗೆ ಫೋನ್ ಮಾಡಿದೆ. ಪ್ರಶಸ್ತಿಗೆಂದು ಅಮೆರಿಕದಲ್ಲಿದ್ದಾಳೆ. ಹಿಂದೆ ಹೋಟೆಲಿನ ಗದ್ದಲ. ಶುಭವಾಗಲಿ ಎನ್ನುವುದನ್ನೂ ಮರೆತೆ.
"ಆ ಊಟದ್ದು ಇನ್ನೊಂದು ನಕಲು ಎಲ್ಲಿಟ್ಟಿದ್ದೀಯಾ?"
"ಇಲ್ಲ ಅಕ್ಕಾ. ನೀವೇ ಎದುರಿಗೆ ಕೂತು..."
"ಸುಳ್ಳು. ನಿನ್ನನ್ನ ನಾನು ಯಾವತ್ತೂ ನಂಬಿಲ್ಲ. ಎಲ್ಲೋ ಬಚ್ಚಿಟ್ಟಿದ್ದೀಯ."
ಅಳುತ್ತಿದ್ದಳು. ನಾನು ಬಿಡಲಿಲ್ಲ.
"ಬಚ್ಚಿಟ್ಟಿರ್ತೀಯ ಅಲ್ವಾ, ಮಗಳೇ? ಒಂದಾದ್ರೂ..."