ನಲವತ್ತು ಚೀಟಿ

ಸೋಫಿಯಾ, ಫೆಬ್ರವರಿ ೩

ಪ್ರೀತಿಯ ಅಮ್ಮ,

ಅನಾಟಮಿ ಪಾಸಾದೆ. ಆರಕ್ಕೆ ಐದು ಬಂತು. ಫೇಲಾದರೆ ಕಾಲೇಜು ಬಿಟ್ಟು ಮನೆಗೆ ಬಂದುಬಿಡುತ್ತೇನೆ ಎಂದು ಬರೆದಿದ್ದೆನಲ್ಲ, ಆ ಕಾಗದ ಹರಿದುಹಾಕು.

ಪರೀಕ್ಷೆಗೆ ಓದುವ ಮೊದಲ ವಾರವೆಲ್ಲ ಟೈಮ್‌ಟೇಬಲ್‌ಗೆ ಬಣ್ಣ ಹಚ್ಚುತ್ತ ಕೂತಿದ್ದೆ. ಹಾಸ್ಟೆಲ್ ಅಡುಗೆಯ ಸ್ತಮೇನಾ ಅಜ್ಜಿ ನೋಡಿ, "ಏನೇ ಜೋರ್ನಿತ್ಸಾ, ಎಕ್ಸಾಮ್‌ನಲ್ಲಿ ಚಿತ್ರ ಬರೀಬೇಕಾ?" ಎಂದರು.

ಇಲ್ಲಿ ನಲವತ್ತು ಪ್ರಶ್ನೆಗಳಲ್ಲಿ ಒಂದರ ಚೀಟಿ ಎತ್ತಿ, ಉತ್ತರವನ್ನು ಬಾಯಲ್ಲೇ ಹೇಳಬೇಕು. ಅಜ್ಜಿ ತಮ್ಮ ಉಣ್ಣೆ ಟೋಪಿಗೆ ನಲವತ್ತೂ ಚೀಟಿ ಹಾಕಿಸಿದರು. ಬೆಳಿಗ್ಗೆ ಎರಡು ಎತ್ತಿ ಓದುವುದು, ಸಂಜೆ ಅವರು ಆಲೂಗಡ್ಡೆ ಸುಲಿಯುವಾಗ ಪುಸ್ತಕ ಮುಚ್ಚಿ ಹೇಳುವುದು. "ನಂಗೆ ತಿಳೀಲಿಲ್ಲ ಅಂದ್ರೆ ನಿಂಗೂ ಬಂದಿಲ್ಲ. ಮತ್ತೆ ಹೇಳು" ಎನ್ನುತ್ತಿದ್ದರು.

ಇವತ್ತು ಚೀಟಿಯಲ್ಲಿ ನನಗೆ ಮೊಣಕಾಲಿನ ಕೀಲು ಬಂತು. ರೂಢಿಬಲದಿಂದ ಪ್ರೊಫೆಸರ್ ಮೇಡಂಗೇ, "ಅಜ್ಜೀ, ಇಲ್ನೋಡಿ, ಈ ಮೂಳೆ..." ಎಂದುಬಿಟ್ಟೆ. ಅವರು ಕನ್ನಡಕ ತೆಗೆದು, "ಹೇಳಮ್ಮಾ, ಅಜ್ಜಿ ಕೇಳ್ತಿದ್ದಾಳೆ" ಎಂದು ನಕ್ಕರು. ಆಮೇಲೆ ಎಲ್ಲವೂ ಸಲೀಸಾಗಿ ಬಂತು.

ಕಿಟಕಿ ಪಕ್ಕದ ನನ್ನ ಮಂಚವನ್ನು ಇನ್ನು ತಂಗಿ ಕಲೀನಾಗೆ ಕೊಟ್ಟುಬಿಡು, ಪಾಪ, ಎಷ್ಟು ದಿನದಿಂದ ಕೇಳುತ್ತಿದ್ದಾಳೆ. ರಜೆಗೆ ಬಂದಾಗ ನನಗೆ ಸೋಫಾ ಸಾಕು.

ನಿನ್ನ
ಜೋರ್ನಿತ್ಸಾ