ಲಾಂಡ್ರಿಯ ಬಾಕಿ ನಾಲ್ಕು ತಿಂಗಳು

ಜನವರಿ 6, ಸೋಮವಾರ

ಆರಕ್ಕೆ ಎದ್ದೆ. ಮಗಳಿಗೆ ಜಡೆ, ಇವರಿಗೆ ಊಟದ ಡಬ್ಬಿ. ಏಳೂವರೆಗೆ ಕಾಲು ತಾನಾಗಿ ಚಪ್ಪಲಿ ಹುಡುಕಿತು. ಲಾಂಡ್ರಿ ಬಿಟ್ಟು ಹನ್ನೆರಡು ದಿನವಾಯಿತು ಎಂದು ಕಾಲಿಗೆ ಯಾರೂ ಹೇಳಿಲ್ಲ.

ಹತ್ತಕ್ಕೆ ಓನರ್‌ಗೆ ಫೋನ್. ಏಳನೇ ಸಲ ಎತ್ತಿದರು.

"ಸರ್, ನಾಲ್ಕು ತಿಂಗಳ ಸಂಬಳ..."

"ಯಾರಮ್ಮ ನೀನು?"

ಹೆಸರು ಹೇಳಿದೆ. ಇಸ್ತ್ರಿ ರೋಲರ್‌ನವಳು ಎಂದೆ. ಆರು ವರ್ಷ ಅದರ ಮುಂದೆ ನಿಂತು ಆಸ್ಪತ್ರೆಗಳ ಬೆಡ್‌ಶೀಟ್ ತಳ್ಳಿದ್ದೇನೆ — ಅಷ್ಟು ಹೇಳುವಷ್ಟರಲ್ಲಿ ಕಟ್.

ಮತ್ತೆ ಫೋನ್ ಮಾಡಲಿಲ್ಲ. ಕೋಪಕ್ಕೆ ಎಂದುಕೊಂಡೆ. ಅಲ್ಲ, ಹೆದರಿಕೆಗೆ. ನಾನು ಅಲ್ಲಿ ಇರಲೇ ಇಲ್ಲ ಎಂದುಬಿಟ್ಟರೆ? ಆರ್ಡರ್ ಲೆಟರ್ ಇಲ್ಲ. ಸಂಬಳ ಕವರಿನಲ್ಲಿ ಕೊಡುತ್ತಿದ್ದರು. ಹಾಜರಿ ಪುಸ್ತಕ ಅವರ ಬೀರುವಿನಲ್ಲಿ.

ಜನವರಿ 9

ಇವರದು ಒಂದೇ ರಾಗ. "ದೊಡ್ಡವರ ತಂಟೆ ನಮಗ್ಯಾಕೆ, ಬಿಟ್ಬಿಡೆ."

"ಮನೆ ಓನರ್ ಬಾಡಿಗೆ ಬಿಟ್ಬಿಡ್ತಾರಾ?"

ಡಬ್ಬಿ ಎತ್ತಿಕೊಂಡು ಹೊರಟರು. ಡಿಪೋದಲ್ಲಿ ಬಸ್ಸಿನ ಟೈರ್ ಬದಲಿಸುವ ಮನುಷ್ಯ. ಅಷ್ಟು ದೊಡ್ಡ ಬಸ್ಸಿನ ಅಡಿಗೆ ನುಗ್ಗಲು ಹೆದರುವುದಿಲ್ಲ, ಇಸ್ತ್ರಿ ಮಾಡಿದ ಬಿಳಿ ಅಂಗಿ ಕಂಡರೆ ಬೆವರುತ್ತಾರೆ. ನಾನೇನು ಕಡಿಮೆ. ಕಾರ್ಮಿಕ ಇಲಾಖೆಯ ಮೆಟ್ಟಿಲು ಎರಡು ಸಲ ಹತ್ತಿ ಇಳಿದೆ, ಮೂರನೇ ಸಲ ಒಳಗೆ ಹೋದೆ.

ಅಲ್ಲಿ ಕನ್ನಡಕದ ಮೇಡಂ ಒಬ್ಬರು. ಅರ್ಜಿ ತೆಗೆದುಕೊಂಡರು. "ಅಲ್ಲಿ ಕೆಲಸ ಮಾಡಿದ್ದಕ್ಕೆ ಏನಾದ್ರೂ ಇದೆಯಾ?"

ತೋಳು ಚಾಚಿದೆ. ರೋಲರ್ ಸುಟ್ಟ ಗೆರೆ, ಮೊಣಕೈವರೆಗೆ.

"ಮನೆ ಒಲೆ ಸುಟ್ಟಿದ್ದು ಅಂತಾರೆ ಅವರು," ಎಂದರು ಮೆಲ್ಲಗೆ. "ಜೊತೆಗೆ ಕೆಲಸ ಮಾಡಿದವರು ಯಾರಾದ್ರೂ ಬಂದು ಹೇಳ್ತಾರಾ?"

ಜನವರಿ 16

ಟ್ಯಾಗ್ ಅಕ್ಕನ ಮನೆಗೆ ಹೋದೆ. ಯಾವ ಶೀಟು ಯಾವ ಆಸ್ಪತ್ರೆಯದು ಎಂದು ಮೂಲೆಗೆ ನಂಬರ್ ಪಟ್ಟಿ ಹೊಲಿಯುವವಳು. ಅದಕ್ಕೇ ಎಲ್ಲರಿಗೂ ಟ್ಯಾಗ್ ಅಕ್ಕ. ನನ್ನನ್ನು ನೋಡಿದವಳೇ ಕಿಟಕಿ ಮುಚ್ಚಿದಳು.

"ನನಗೂ ಮೂರು ತಿಂಗಳದ್ದು ಬರ್ಬೇಕು ಕಣೆ. ಬಾಯಿ ಬಿಟ್ರೆ ಅದೂ ಗೋವಿಂದ. ಅಳಿಯ ಬೇರೆ ಅವರದೇ ವ್ಯಾನ್ ಓಡಿಸ್ತಾನೆ. ಮಗಳ ಸಂಸಾರ ನಾನೇ ಬೀದಿಗೆ ತರ್ಲಾ?"

ಏನು ಹೇಳಲಿ. ಅವಳ ಜಾಗದಲ್ಲಿ ನಾನಿದ್ದರೆ ಕಿಟಕಿ ಮಾತ್ರವಲ್ಲ, ಬಾಗಿಲೂ ಮುಚ್ಚುತ್ತಿದ್ದೆ.

ಹೊರಡುವಾಗ ಕೈ ಹಿಡಿದುಕೊಂಡಳು. ಬಿಡಲು ತುಂಬಾ ಹೊತ್ತಾಯಿತು.

ಜನವರಿ 22, ಸಂಜೆ ಐದು

ಮಗಳು ಬ್ಯಾಗ್ ಬಿಸಾಡಿ ಹೇಳಿದಳು, "ಅಮ್ಮ, ಇವತ್ತು ಸ್ಕೂಲ್ ಹತ್ರ ಒಬ್ರು ಉದ್ದದ ಅಂಕಲ್ ಸಿಕ್ಕಿದ್ರು. ನಿನ್ನ ಕೇಳಿದ್ರು. ತುಂಬಾ ಒಳ್ಳೇವ್ರು."

"ಇನ್ನೇನು ಕೇಳಿದ್ರು?"

"ದಿನಾ ಯಾವ ಗೇಟಿಂದ ಬರ್ತೀಯ ಪುಟ್ಟಿ, ಅಂತ."

ಲಾಂಡ್ರಿಯ ಸೂಪರ್‌ವೈಸರ್. ಬೇರೆ ಯಾರೂ ಅಷ್ಟು ಉದ್ದವಿಲ್ಲ. ಅವಳ ತಲೆಗೆ ಎಣ್ಣೆ ಹಚ್ಚುತ್ತಾ ಕೂತೆ, ಮುಖ ಕಾಣಿಸಬಾರದೆಂದು. ಒಂಬತ್ತು ವರ್ಷ ಇವಳಿಗೆ. ಎರಡನೇ ಗೇಟು ಎಂದು ಹೇಳಿದ್ದಾಳೆ.

ಫೆಬ್ರವರಿ 4

ಹದಿಮೂರು ದಿನ ಈ ಪುಸ್ತಕ ಮುಟ್ಟಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಎಂಬ ಭಯ... ಸೂಪರ್‌ವೈಸರ್ ಹತ್ತಿರ ಸ್ಕೂಟರ್ ಇದೆ. ಸ್ಕೂಟರ್ ಸದ್ದಾದರೆ ಎದ್ದು ಚಿಲಕ ಹಾಕುತ್ತೇನೆ. ತರಕಾರಿಯವನ ಸ್ಕೂಟರಿಗೂ.

ಅರ್ಜಿ ವಾಪಸ್ ಪಡೆಯೋಣವೆಂದು ಹೋದೆ. ಮೇಡಂ ಮುಖ ನೋಡಿದರು. "ಹೆದರಿಸಿದ್ರಾ?"

"ಇಲ್ಲ." ಹೌದು ಎನ್ನಲೂ ಹೆದರಿಕೆ.

ನೀರಿನ ಲೋಟ ಮುಂದಿಟ್ಟರು. "ಹದಿನೇಳಕ್ಕೆ ಹಿಯರಿಂಗ್. ಬೇಡ ಅನ್ನೋದಾದ್ರೆ ಅವತ್ತು ಬಂದು ಅವರೆದುರಿಗೇ ಹೇಳಿ. ನಾನೇನೂ ಅನ್ನಲ್ಲ."

ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. ಗೇಟಿನ ವಿಷಯವೂ. ಬೈಯಲಿಲ್ಲ. ಎದ್ದು ಹೋದರು. ಒಂದು ಗಂಟೆ ಬಿಟ್ಟು ಬಂದು, "ಶಿಫ್ಟ್ ಬದಲಾಯಿಸ್ಕೊಂಡೆ. ನಾಳೆಯಿಂದ ಮಗೂನ ನಾನೇ ಕರ್ಕೊಂಡ್ ಬರ್ತೀನಿ," ಎಂದರು. ಕೈಯಲ್ಲಿ ಇನ್ನೂ ಗ್ರೀಸ್.

ಫೆಬ್ರವರಿ 17, ಮಧ್ಯಾಹ್ನ ಮೂರು

ಬಸ್ ಸ್ಟಾಪಿನ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಮರೆಯುವ ಮುಂಚೆ.

ಓನರ್ ನನ್ನ ಪಕ್ಕದ ಕುರ್ಚಿಯಲ್ಲೇ. ಸೆಂಟಿನ ವಾಸನೆ. "ಈ ಹೆಂಗಸನ್ನ ನಾನು ನೋಡೇ ಇಲ್ಲ ಮೇಡಂ."

"ನೀವೇನಂತೀರಮ್ಮ?"

ಬೇಡ ಮೇಡಂ, ಬಿಟ್ಟುಬಿಡಿ — ಅದೇ ಬರುತ್ತಿತ್ತು ಬಾಯಿಗೆ. ಆಗ ಬಾಗಿಲಲ್ಲಿ ಟ್ಯಾಗ್ ಅಕ್ಕ. ಹಿಯರಿಂಗ್ ತಾರೀಖು ಲಾಂಡ್ರಿಯಲ್ಲೇ ಅವಳ ಕಿವಿಗೆ ಬಿದ್ದಿರಬೇಕು. ಏದುಸಿರು.

"ಬಸ್ ಸಿಗ್ಲಿಲ್ಲ," ಎಂದಳು, ಎಲ್ಲರೂ ಕಾಯುತ್ತಿದ್ದರೇನೋ ಎಂಬಂತೆ. ಕೂರಲಿಲ್ಲ. "ಆರು ವರ್ಷ ಇವಳದು ನನ್ನ ಮೇಜಿನ ಎದುರಿನ ರೋಲರ್. ನಾನು ಹೊಲಿದಿದ್ದು ಇವಳ ಕೈಗೇ ಹೋಗೋದು. ಕೈ ಸುಟ್ಕೊಂಡಾಗ ನೀರು ಹುಯ್ದೋಳೂ ನಾನೇ."

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಬಿಳಿಚಿತ್ತು.

ಓನರ್ ಕೋಪಿಸಿಕೊಳ್ಳಲಿಲ್ಲ. ನಕ್ಕರು. "ನಾಳೆ ಕೆಲಸಕ್ಕೆ ಬರ್ತೀಯಲ್ಲಮ್ಮ?"

ಮೇಡಂ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಈಗ ಇವರನ್ನ ಏನು ಕೇಳಿದ್ರಿ? ಇವರು ನಿಮ್ಮಲ್ಲಿ ಕೆಲಸಕ್ಕಿದ್ದಾರೆ, ಅಲ್ವಾ? ಬರ್ಕೊಳ್ತೀನಿ. ಹಾಜರಿ ಪುಸ್ತಕ ನಾಳೆ ಇಲ್ಲಿರ್ಬೇಕು."

ನಗು ಹೋಯಿತು. ನನ್ನ ಹೆದರಿಕೆ ಹೋಗಲಿಲ್ಲ, ಅಕ್ಕನ ಮೇಲೆ ಹೋಗಿ ಕೂತಿತು.

ಫೆಬ್ರವರಿ 28

ಬಂತು. ನಾಲ್ಕೂ ತಿಂಗಳದ್ದು, ಚೆಕ್ಕಿನಲ್ಲಿ. ಹಾಜರಿ ಪುಸ್ತಕ ತರುವುದಕ್ಕಿಂತ ಅದೇ ಸುಲಭವಾಯಿತೇನೋ ಅವರಿಗೆ. ಬಾಡಿಗೆ ಕಟ್ಟಿದೆ, ಸ್ಕೂಲ್ ಫೀಸು ಕಟ್ಟಿದೆ. ಇವರು ಮಗಳನ್ನು ಎತ್ತಿ ಗಿರ್ರೆಂದು ತಿರುಗಿಸಿದರು.

ಟ್ಯಾಗ್ ಅಕ್ಕನ ಫೋನ್ ಐದು ದಿನದಿಂದ ಸ್ವಿಚ್ ಆಫ್. ಮನೆಗೆ ಹೋಗಿ ನೋಡಬೇಕು. ಹೋಗಲು ಧೈರ್ಯವಿಲ್ಲ.

ಮಾರ್ಚ್ 2, ಭಾನುವಾರ, ನಾಲ್ಕು ಗಂಟೆ

ಅವಳೇ ಬಂದಿದ್ದಾಳೆ. ಕೆಲಸದಿಂದ ತೆಗೆದಿದ್ದಾರೆ. ಅಳಿಯನಿಂದ ವ್ಯಾನಿನ ಕೀಲಿಯೂ ಕಿತ್ತುಕೊಂಡಿದ್ದಾರೆ. ಅವನು ಇವಳ ಜೊತೆ ಮಾತು ಬಿಟ್ಟಿದ್ದಾನೆ. ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಬೈಯಲಿಲ್ಲ.

"ಆ ಅರ್ಜಿ ಹೇಗೆ ಬರೆಯೋದು, ಹೇಳ್ಕೊಡೆ," ಎಂದಳು. ಆಮೇಲೆ, ನನ್ನ ಮುಖ ನೋಡದೆ, "ಸಾಕ್ಷಿ ಅನ್ನೋ ಕಡೆ ನಿನ್ನ ಹೆಸರು ಹಾಕ್ಲಾ?"

ಮತ್ತೆ ಅದೇ ರೂಮು, ಅದೇ ಸೆಂಟಿನ ವಾಸನೆ. ಹಣ ಕೈಸೇರಿದೆ, ಸುಮ್ಮನಿದ್ದರೆ ಯಾರೂ ನಮ್ಮನ್ನು ಕೇಳುವುದಿಲ್ಲ. ಟೀ ಮಾಡುವ ನೆಪದಲ್ಲಿ ಅಡುಗೆಮನೆಗೆ ಬಂದು ಇದನ್ನು ಗೀಚುತ್ತಿದ್ದೇನೆ. ನೀರು ಕುದ್ದು ಅರ್ಧವಾಗಿದೆ. ಅಂಗೈ ಬೆವರಿ ಅಕ್ಷರ ಜಾರುತ್ತಿದೆ.

ಹೊರಗಿನಿಂದ ಕೇಳುತ್ತಾಳೆ, "ಪೆನ್ನು ಇದೆಯೇನೇ?"

ಮನೆಯಲ್ಲಿ ಇದೊಂದೇ ಇರುವುದು. ಕೊಟ್ಟು, ನನ್ನ ಹೆಸರು ಹಾಕು ಎಂದು ಹೇಳಿ ಬರು—